ಜ್ವರಕ್ಕೆ ಕೂತ ತಂಡ, ರೋಗ ತಗುಲಿದ ತಂಡ

ಎದುರಾಳಿ ಒಂದೇ, ಗೋಲಿನ ಲೆಕ್ಕ ಒಂದೇ, ತೀರ್ಪು ಮಾತ್ರ ಎರಡು. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ 2022ರ ನವೆಂಬರ್ ತಿಂಗಳಲ್ಲಿ ಮುಂಬೈ ಸಿಟಿ ಎದುರು 0–4ರಿಂದ ಸೋತಿತು. ಕೋಚ್ ಸೈಮನ್ ಗ್ರೇಸನ್ ತಮ್ಮ ಜಾಗದಲ್ಲೇ ಉಳಿದರು. 2023ರ ಡಿಸೆಂಬರ್ 8ರಂದು ಮತ್ತೆ ಅದೇ ಮುಂಬೈ ಸಿಟಿ, ಅದೇ 0–4. ಈ ಸಲ ಸೋತದ್ದು ತವರಿನ ಕಂಠೀರವ ಕ್ರೀಡಾಂಗಣದಲ್ಲಿ, ತನ್ನದೇ ಅಭಿಮಾನಿಗಳ ಕಣ್ಣೆದುರು. ಮರುದಿನವೇ ಕ್ಲಬ್ ಗ್ರೇಸನ್ ಅವರನ್ನು ಬೀಳ್ಕೊಟ್ಟಿತು.

ಮೊದಲ ಸೋಲಿನ ನಂತರ ತೋರಿದ ತಾಳ್ಮೆ ಸರಿಯಾಗಿತ್ತೇ? ಎರಡನೆಯದರ ನಂತರ ತಾಳ್ಮೆ ಕಳೆದುಕೊಂಡದ್ದು ಸರಿಯೇ? ಸೋಲುತ್ತಿರುವ ತಂಡದ ಕೋಚನ್ನು ಉಳಿಸಿಕೊಳ್ಳಬೇಕೇ, ಕಳಿಸಬೇಕೇ ಎಂಬುದು ಫುಟ್‌ಬಾಲಿನಷ್ಟೇ ಹಳೆಯ ಜಗಳ. ಕಾಫಿ ಹೋಟೆಲಿನ ಮೇಜಿನ ಮೇಲೆ ಇದು ಐದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಕ್ಲಬ್ಬಿನ ಆಡಳಿತ ಮಂಡಳಿಯ ಮೇಜಿನ ಮೇಲೆ ಅಷ್ಟು ಸುಲಭವಲ್ಲ. ಅಲ್ಲಿ ಗುತ್ತಿಗೆಯ ಹಣವಿದೆ, ಆಟಗಾರರ ಭವಿಷ್ಯವಿದೆ, ಟಿಕೆಟು ಕೊಂಡು ಬರುವ ಜನರ ಸಿಟ್ಟೂ ಇದೆ.

ಹುಳು ಮನೆಯ ಪಾಠ

ಕಂಠೀರವ ಕ್ರೀಡಾಂಗಣದಿಂದ ಸುಮಾರು 60 ಕಿಲೋಮೀಟರ್ ದೂರದ ಶಿಡ್ಲಘಟ್ಟದಲ್ಲಿ ಈ ಪ್ರಶ್ನೆ ಯಾರಿಗೂ ಹೊಸದಲ್ಲ. ಅಲ್ಲಿ ಇದನ್ನು ಫುಟ್‌ಬಾಲಿನ ಮಾತಿನಲ್ಲಿ ಕೇಳುವುದಿಲ್ಲ, ರೇಷ್ಮೆಯ ಮಾತಿನಲ್ಲಿ ಕೇಳುತ್ತಾರೆ, ಅಷ್ಟೇ.

ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ರೈತರು ಇದಕ್ಕೆ ಇಟ್ಟ ಹೆಸರು ‘ಜ್ವರ’. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಇದ್ದುಬಿಡುತ್ತದೆ. ಹೊಸಬರು ನೋಡಿದರೆ ಬೆಳೆ ಕೈಬಿಟ್ಟಿತೆಂದೇ ಗಾಬರಿಯಾಗಬೇಕು. ಅನುಭವಸ್ಥ ರೈತ ಗಾಬರಿಯಾಗುವುದಿಲ್ಲ. ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರುವಂತೆ ನೋಡಿಕೊಂಡು, ಹುಳು ಏಳುವವರೆಗೆ ಕಾಯುತ್ತಾನೆ. ಒಂದು ದಿನ ಕಳೆಯುವಷ್ಟರಲ್ಲಿ ಹುಳು ಹಳೆಯ ಪೊರೆ ಬಿಟ್ಟು ಏಳುತ್ತದೆ, ಮೊದಲಿಗಿಂತ ಹೆಚ್ಚು ತಿನ್ನುತ್ತದೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲು ಖರ್ಚಾಗುವುದು ನಾಲ್ಕನೇ ಜ್ವರದ ನಂತರವೇ.

ಆದರೆ ತಿನ್ನದೆ ಕೂತ ಹುಳುವೆಲ್ಲ ಜ್ವರದ್ದಲ್ಲ. ಹಾಲುತೊಂಡೆ ರೋಗ ಬಂದ ಹುಳು ಊದಿಕೊಳ್ಳುತ್ತದೆ. ಸಪ್ಪೆ ರೋಗ ಬಂದದ್ದು ಮೆತ್ತಗಾಗಿ ಬೀಳುತ್ತದೆ. ಅಲ್ಲಿ ತಾಳ್ಮೆ ತೋರಿದರೆ ಪಕ್ಕದ ತಟ್ಟೆಗೂ ರೋಗ ಹಬ್ಬುತ್ತದೆ. ರೋಗದ ಹುಳುವನ್ನು ಆರಿಸಿ ತೆಗೆದು ಹೂಳಬೇಕು ಇಲ್ಲವೇ ಸುಡಬೇಕು, ಮನೆಯನ್ನು ತೊಳೆದು ಸೋಂಕು ಕಳೆಯಬೇಕು.

ಹೀಗೆ, ತಿನ್ನುವುದನ್ನು ನಿಲ್ಲಿಸಿದೆ ಎಂಬ ಒಂದೇ ಸಂಗತಿಯಿಂದ ಏನೂ ತಿಳಿಯುವುದಿಲ್ಲ. ಅದು ಜ್ವರವೋ ರೋಗವೋ ಎಂದು ಗುರುತಿಸುವುದರಲ್ಲಿ ರೈತನ ಬುದ್ಧಿವಂತಿಕೆಯಿದೆ. ಫುಟ್‌ಬಾಲಿನಲ್ಲೂ ಸೋಲು ಎಂಬ ಒಂದೇ ಸಂಗತಿ ಕೋಚ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಸೋಲಿನ ಕೆಳಗೆ ಏನು ನಡೆಯುತ್ತಿದೆ ಎಂಬುದನ್ನು ನೋಡಬೇಕು. ಬೆಂಗಳೂರಿನ ಕ್ಲಬ್ಬಿನ ಹತ್ತು ಹನ್ನೆರಡು ವರ್ಷಗಳ ಕಥೆಯನ್ನು ಈ ಕಣ್ಣಿನಿಂದ ಓದಿದರೆ ಬಹಳಷ್ಟು ಸ್ಪಷ್ಟವಾಗುತ್ತದೆ.

ಕೋಚ್ ಎಂಬ ಹರಕೆಯ ಕುರಿ

ಸೋಲಿಗೆಲ್ಲ ಒಬ್ಬನನ್ನೇ ಹೊಣೆ ಮಾಡುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಇಂಗ್ಲೆಂಡಿನ ಹಳೆಯ ಕ್ಲಬ್ಬುಗಳಲ್ಲಿ ತಂಡವನ್ನು ಆರಿಸುತ್ತಿದ್ದುದು ಹೆಚ್ಚಾಗಿ ನಿರ್ದೇಶಕರ ಸಮಿತಿ. ಆಟಗಾರರ ಆಯ್ಕೆ, ಆಟದ ತಂತ್ರ, ಅಭ್ಯಾಸ ಎಲ್ಲವೂ ಒಬ್ಬ ಮ್ಯಾನೇಜರ್ ಕೈಯಲ್ಲಿರಬೇಕು ಎಂಬ ಪದ್ಧತಿಯನ್ನು ಗಟ್ಟಿ ಮಾಡಿದವರಲ್ಲಿ ಹರ್ಬರ್ಟ್ ಚಾಪ್‌ಮನ್ ಪ್ರಮುಖರು. ಅವರು 1925ರಲ್ಲಿ ಆರ್ಸೆನಲ್ ಸೇರಿದರು. ಕ್ಲಬ್ಬಿಗೆ ಮೊದಲ ದೊಡ್ಡ ಕಪ್ ಬಂದದ್ದು 1930ರಲ್ಲಿ, ಅಂದರೆ ಐದು ವರ್ಷಗಳ ನಂತರ. ಮರುವರ್ಷ ಲೀಗ್ ಪ್ರಶಸ್ತಿಯೂ ಬಂತು. ಆದರೆ ಅಧಿಕಾರವೆಲ್ಲ ಒಬ್ಬನ ಕೈಗೆ ಬಂದ ಮೇಲೆ ಅಪವಾದವೆಲ್ಲ ಅವನ ತಲೆಗೇ ಬರುವುದು ಸಹಜವಾಯಿತು.

ನಮ್ಮ ಬೆಂಗಳೂರಿನ ಸಂಗತಿ ಬೇರೆಯೇ ಇತ್ತು. ಇಲ್ಲಿ ಫುಟ್‌ಬಾಲಿಗೆ ದೊಡ್ಡ ಚರಿತ್ರೆಯಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ನಂತರದ ದಶಕಗಳಲ್ಲಿ ಆಟವನ್ನು ಉಳಿಸಿದ್ದು ಐಟಿಐ, ಎಚ್‌ಎಎಲ್, ಎಂಇಜಿಯಂಥ ಕಾರ್ಖಾನೆ ಹಾಗೂ ಸೇನಾ ತಂಡಗಳು. ಅಲ್ಲಿ ಕೋಚ್ ಸಾಮಾನ್ಯವಾಗಿ ಅದೇ ಸಂಸ್ಥೆಯ ನೌಕರ, ಅನೇಕ ವೇಳೆ ಅದೇ ತಂಡದ ಹಳೆಯ ಆಟಗಾರ. ಪಂದ್ಯ ಸೋತರೂ ಸೋಮವಾರ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬರುತ್ತಿದ್ದ. ಅವನನ್ನು ‘ವಜಾ ಮಾಡುವ’ ಪ್ರಶ್ನೆಗೆ ಅರ್ಥವೇ ಇರಲಿಲ್ಲ.

ದೇಶದ ತಂಡದ ಮಟ್ಟದಲ್ಲಿ ನೋಡಿದರೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಉದಾಹರಣೆಯಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಯುಗೋಸ್ಲಾವಿಯ ಎದುರು 1–10ರಿಂದ ಸೋತಿತು. ಭಾರತದ ಆ ಒಂಟಿ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಹತ್ತು ಗೋಲು ತಿಂದ ತಂಡದ ಕೋಚ್‌ಗೆ ಇನ್ನೊಂದು ಅವಕಾಶವಿಲ್ಲ ಎಂದು ಆಗಲೇ ಬಾಗಿಲು ಹಾಕಿದ್ದರೆ ಭಾರತೀಯ ಫುಟ್‌ಬಾಲಿನ ಎರಡು ದೊಡ್ಡ ಅಧ್ಯಾಯಗಳು ಬರೆಯಲ್ಪಡುತ್ತಿದ್ದವೇ ಎಂಬುದು ಅನುಮಾನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಮತ್ತೆ ರಹೀಮರೇ ಕೋಚ್. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು 0–2ರಿಂದ ಸೋತ ಅವರ ತಂಡ, ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದಿತು.

ಹೆಲ್ಸಿಂಕಿಯ ಸೋಲಿನ ಕಾರಣಗಳಲ್ಲಿ ಎಲ್ಲವೂ ಕೋಚ್ ಕೈಯಲ್ಲಿ ಇರಲಿಲ್ಲ. ಬರಿಗಾಲಿನ ಆಟ ಅಂಥದ್ದೊಂದು. ಆ ಕೂಟದ ನಂತರ ಬೂಟು ಕಡ್ಡಾಯವಾಯಿತು. ಕೋಚ್ ಕೈಯಲ್ಲಿದ್ದುದು ಯಾವುದು, ಇರದಿದ್ದುದು ಯಾವುದು ಎಂದು ಬೇರ್ಪಡಿಸುವುದು ನ್ಯಾಯದ ಮೊದಲ ಹೆಜ್ಜೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಬೆಂಗಳೂರಿನ ಖಾತೆ ಪುಸ್ತಕ

ಜೆಎಸ್‌ಡಬ್ಲ್ಯು ಸಮೂಹದ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ತಂಡ 2016ರಲ್ಲಿ ಅದನ್ನು ಮತ್ತೊಮ್ಮೆ ಗೆದ್ದಿತು. ಹೀಗೆ ಗೆಲುವನ್ನೇ ಹಾಲುಣಿಸಿ ಬೆಳೆಸಿದ ಕ್ಲಬ್ಬಿಗೆ ಸೋಲಿನ ರುಚಿ ತೋರಿದವರು ಅವರ ನಂತರ ಬಂದ ಸ್ಪೇನಿನ ಆಲ್ಬರ್ಟ್ ರೋಕಾ. ರೋಕಾ ಬಂದ ಕೆಲವೇ ತಿಂಗಳಲ್ಲಿ, 2016ರ ನವೆಂಬರ್‌ನಲ್ಲಿ, ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತ್ತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುನ್ನ ಅಲ್ಲಿಗೆ ಹೋಗಿರಲಿಲ್ಲ. ಆದರೆ 2017ರ ಐ-ಲೀಗ್‌ನಲ್ಲಿ ತಂಡ ಎಡವಿತು, ನಾಲ್ಕನೆಯ ಸ್ಥಾನಕ್ಕೆ ಕುಸಿಯಿತು.

ಕ್ಲಬ್ ಕಾದಿತು. ಅದೇ 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗನ್ ತಂಡವನ್ನು ಸೋಲಿಸಿ ಫೆಡರೇಷನ್ ಕಪ್ ಬಂತು. ಮುಂದಿನ ಋತುವಿನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರವೇಶಿಸಿದ ತಂಡ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆಯಿತು. ಫೈನಲ್‌ನಲ್ಲಿ ಚೆನ್ನೈಯಿನ್ ಎದುರು ಸೋತರೂ 2018ರ ಏಪ್ರಿಲ್‌ನಲ್ಲಿ ಸೂಪರ್ ಕಪ್ ಗೆದ್ದಿತು. ಇದು ಮೊದಲ ಜ್ವರ ಎನ್ನಬಹುದು.

ರೋಕಾ ಹೋದ ಮೇಲೆ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಬಂದರು. 2019ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಪ್ರಶಸ್ತಿ ತಂದವರು ಅವರೇ. ಮರುವರ್ಷ ತಂಡ ಸೆಮಿಫೈನಲ್‌ನಲ್ಲಿ ನಿಂತಿತು. ಕೋವಿಡ್ ಕಾರಣದಿಂದ 2020–21ರ ಋತು ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಮೊದಲ ಆರು ಪಂದ್ಯಗಳಲ್ಲಿ ಬೆಂಗಳೂರು ಸೋಲಲಿಲ್ಲ. ಮೂರು ಗೆದ್ದಿತು, ಮೂರು ಡ್ರಾ. ಅದರ ಬೆನ್ನಿಗೇ ಸತತ ಮೂರು ಸೋಲು. 2021ರ ಜನವರಿ 6ರಂದು, ಮೂರನೆಯ ಸೋಲಿನ ಮರುದಿನ, ಪ್ರಶಸ್ತಿ ತಂದುಕೊಟ್ಟ ಕೋಚ್ ಮನೆಗೆ ಹೊರಟರು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಕ್ವಾಡ್ರಾಟ್ ಹೋಗುವಾಗ ಒಂಬತ್ತು ಪಂದ್ಯಗಳಿಂದ 12 ಅಂಕಗಳಿದ್ದವು. ಋತು ಮುಗಿದಾಗ ತಂಡದ ಒಟ್ಟು ಅಂಕ 22, ಸ್ಥಾನ ಏಳನೆಯದು. ಅಂದರೆ ಅವರು ಹೋದ ನಂತರದ 11 ಪಂದ್ಯಗಳಿಂದ ಬಂದದ್ದು ಹತ್ತೇ ಅಂಕ. ತಾತ್ಕಾಲಿಕವಾಗಿ ಹೊಣೆ ಹೊತ್ತ ನೌಶಾದ್ ಮೂಸಾ ಅವರ ತಪ್ಪು ಇದು ಎನ್ನುವಂತಿಲ್ಲ. ನಡುನೀರಿನಲ್ಲಿ ಹುಟ್ಟು ಕೈಗೆ ಕೊಟ್ಟರೆ ಯಾರಾದರೂ ತಡವರಿಸುತ್ತಾರೆ. ಆದರೆ ಔಷಧಿ ಕೊಟ್ಟ ಮೇಲೆ ರೋಗಿ ಇನ್ನಷ್ಟು ಸೊರಗಿದ ಎಂಬುದಂತೂ ದಾಖಲೆಯಲ್ಲಿದೆ. ಇದೇ ಕ್ವಾಡ್ರಾಟ್ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕೆ ಸೂಪರ್ ಕಪ್ ಗೆದ್ದುಕೊಟ್ಟರು.

ಗೋವಾದ ಅನುಭವದಿಂದ ಕ್ಲಬ್ ಪಾಠ ಕಲಿಯಿತೋ ಏನೋ, ಮುಂದಿನ ಎರಡು ಋತುಗಳಲ್ಲಿ ಅದು ಕಾಯುವ ದಾರಿ ಹಿಡಿಯಿತು. 2021–22ರಲ್ಲಿ ಕೋಚ್ ಆಗಿದ್ದವರು ಜರ್ಮನಿಯ ಮಾರ್ಕೊ ಪೆಜ್ಜಾಯೊಲಿ. ಮೊದಲ ಪಂದ್ಯ ಗೆದ್ದ ತಂಡ ಎರಡನೆಯ ಗೆಲುವಿಗಾಗಿ ಡಿಸೆಂಬರ್ ಕೊನೆಯವರೆಗೂ ಕಾಯಬೇಕಾಯಿತು. ಕೋಚ್ ಉಳಿದರು. ತಂಡ ಚೇತರಿಸಿಕೊಂಡು 29 ಅಂಕಗಳೊಂದಿಗೆ ಆರನೆಯ ಸ್ಥಾನದಲ್ಲಿ ಋತು ಮುಗಿಸಿತು. ಅದೇನೂ ದೊಡ್ಡ ಸಾಧನೆಯಲ್ಲ, ಆದರೆ ಹಿಂದಿನ ವರ್ಷಕ್ಕಿಂತ ಏಳು ಅಂಕ ಹೆಚ್ಚು.

ಎಂಟು ಸೋಲು, ಎಂಟು ಗೆಲುವು

ಆನಂತರ ಬಂದವರು ಸೈಮನ್ ಗ್ರೇಸನ್. 2022ರ ಸೆಪ್ಟೆಂಬರ್‌ನಲ್ಲಿ, ಬಂದ ಕೆಲವೇ ತಿಂಗಳಲ್ಲಿ, ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಗೆದ್ದರು. ಫೈನಲ್‌ನಲ್ಲಿ ಸೋತದ್ದು ಮುಂಬೈ ಸಿಟಿ. ಆದರೆ ಐಎಸ್‌ಎಲ್ ಶುರುವಾದ ಮೇಲೆ ಎಲ್ಲವೂ ತಲೆಕೆಳಗಾಯಿತು. ಮೊದಲ 12 ಪಂದ್ಯಗಳಲ್ಲಿ ಎಂಟು ಸೋಲು. ಗೆದ್ದದ್ದು ಮೂರು, ಡ್ರಾ ಒಂದು, ಅಂಕ ಹತ್ತು. ಸುನಿಲ್ ಚೆಟ್ರಿ, ರಾಯ್ ಕೃಷ್ಣ, ಸಂದೇಶ್ ಜಿಂಗನ್ ಅವರಂಥ ಆಟಗಾರರಿದ್ದ ತಂಡದ ಗತಿ ಇದು.

ಮುಂಬೈಯ 0–4 ಸೋಲೂ ಈ ಎಂಟರಲ್ಲಿ ಒಂದು. ಅಂಕಪಟ್ಟಿಯನ್ನಷ್ಟೇ ನೋಡಿದವರು ಗ್ರೇಸನ್ ಕಥೆ ಮುಗಿಯಿತು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಪಂದ್ಯಗಳನ್ನು ಬಿಡಿಸಿ ನೋಡಿದರೆ ಬೇರೆ ಚಿತ್ರವಿತ್ತು. ಆ ಸೋಲುಗಳಲ್ಲಿ ಹೆಚ್ಚಿನವು ಒಂದೇ ಗೋಲಿನ ಅಂತರದವು. ತಂಡ ಚಿಂದಿಯಾಗಿರಲಿಲ್ಲ, ಗೆಲುವಿನ ಅಂಚಿನಲ್ಲಿ ಜಾರುತ್ತಿತ್ತು. ಕೆಲವೇ ತಿಂಗಳ ಹಿಂದೆ ಇದೇ ಕೋಚ್, ಇದೇ ಆಟಗಾರರು ಕಪ್ ಎತ್ತಿದ್ದರು. ಇವು ಜ್ವರದ ಲಕ್ಷಣಗಳೇ ಹೊರತು ರೋಗದವಲ್ಲ.

2023ರ ಜನವರಿಯಲ್ಲಿ ಹುಳು ಎದ್ದಿತು. ಉಳಿದ ಎಂಟೂ ಲೀಗ್ ಪಂದ್ಯಗಳನ್ನು ಬೆಂಗಳೂರು ಗೆದ್ದಿತು. ಮೊದಲು ತನ್ನನ್ನು ಸೋಲಿಸಿದ್ದ ಒಡಿಶಾ, ಮೋಹನ್ ಬಾಗನ್, ಕೇರಳ ಬ್ಲಾಸ್ಟರ್ಸ್ ತಂಡಗಳನ್ನು ಒಂದೊಂದಾಗಿ ಮಣಿಸಿತು. ಫೆಬ್ರುವರಿಯಲ್ಲಿ ಮುಂಬೈ ಸಿಟಿ ಬೆಂಗಳೂರಿಗೆ ಬಂದಾಗ ಆ ಲೀಗ್‌ನಲ್ಲಿ ಅದು ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಬೆಂಗಳೂರು 2–1ರಿಂದ ಗೆದ್ದಿತು. ತಂಡ 34 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನಕ್ಕೆ ಏರಿತು, ಸೆಮಿಫೈನಲ್‌ನಲ್ಲಿ ಮತ್ತೆ ಮುಂಬೈಯನ್ನು ಶೂಟೌಟ್‌ನಲ್ಲಿ ದಾಟಿ ಫೈನಲ್ ಸೇರಿತು. ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗನ್ ಎದುರು 2–2 ಸಮಬಲದ ನಂತರ ಪೆನಾಲ್ಟಿ ಶೂಟೌಟ್‌ನಲ್ಲಿ 3–4ರಿಂದ ಸೋತಿತು. ಡಿಸೆಂಬರ್‌ನಲ್ಲೇ ಕೋಚ್ ಬದಲಾಗಿದ್ದರೆ ಈ ಎಂಟು ಗೆಲುವುಗಳು ಬರುತ್ತಲೇ ಇರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಕಾದವರಿಗೆ ಫಲ ಸಿಕ್ಕಿತು ಎಂಬುದು ಸತ್ಯ.

ಅದೇ ಗ್ರೇಸನ್ ಒಂಬತ್ತು ತಿಂಗಳೊಳಗೆ ಏಕೆ ಹೋಗಬೇಕಾಯಿತು? 2023ರ ಬೇಸಿಗೆಯಲ್ಲಿ ರಾಯ್ ಕೃಷ್ಣ, ಸಂದೇಶ್ ಜಿಂಗನ್, ಉದಾಂತ ಸಿಂಗ್ ತಂಡ ಬಿಟ್ಟಿದ್ದರು. ಹೊಸ ಋತುವಿನ ಮೊದಲ ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು, ನಾಲ್ಕು ಡ್ರಾ, ನಾಲ್ಕು ಸೋಲು. ಒಂಬತ್ತನೆಯ ಪಂದ್ಯದಲ್ಲಿ ತವರಿನಲ್ಲೇ ನಾಲ್ಕು ಗೋಲು. ಹಿಂದಿನ ವರ್ಷದ ಸೋಲುಗಳ ಕೆಳಗೆ ಒಂದು ಗಟ್ಟಿ ತಂಡವಿತ್ತು. ಈ ವರ್ಷ ಆ ಗಟ್ಟಿ ಎಲ್ಲಿದೆ ಎಂದು ತೋರಿಸುವುದು ಕಷ್ಟವಾಗಿತ್ತು. ಆದರೂ ತಪ್ಪೆಲ್ಲ ಕೋಚ್‌ದೇ ಎನ್ನುವಂತಿಲ್ಲ. ಕ್ಲಬ್ಬಿನ ತಂಡ ಕಟ್ಟುವ ಕೆಲಸದಲ್ಲಿ ಆಡಳಿತಕ್ಕೂ ಪಾಲಿರುತ್ತದೆ. ಸೊಪ್ಪು ಸಾಲದಿದ್ದರೆ ಹುಳು ಸಾಕುವವನನ್ನು ಮಾತ್ರ ಬೈದು ಪ್ರಯೋಜನವಿಲ್ಲ, ತೋಟ ನೋಡಿಕೊಳ್ಳುವವರನ್ನೂ ಕೇಳಬೇಕು.

ಅವರ ನಂತರ ಬಂದ ಸ್ಪೇನಿನ ಜೆರಾರ್ಡ್ ಜರಗೋಜಾ ಕೈಯಲ್ಲೂ ಆ ವರ್ಷ ಪವಾಡ ನಡೆಯಲಿಲ್ಲ. ತಂಡ 12ರಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿಯಿತು. ಸ್ಥಾನವನ್ನಷ್ಟೇ ನೋಡುವುದಾದರೆ ಕಳಿಸಬೇಕಿದ್ದುದು ಅವರನ್ನೂ. ಕ್ಲಬ್ ಮತ್ತೆ ಕಾಯಿತು. 2024–25ರಲ್ಲಿ ಬೆಂಗಳೂರು ಮೊದಲ ಐದು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. 38 ಅಂಕಗಳೊಂದಿಗೆ ಮೂರನೆಯ ಸ್ಥಾನ ಪಡೆಯಿತು. ನಾಕೌಟ್‌ನಲ್ಲಿ ಮುಂಬೈ ಸಿಟಿಯನ್ನು 5–0ರಿಂದ ಸೋಲಿಸಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗನ್ ಎದುರು ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತಿತು.

ಕತ್ತೆ ಮದುವೆ ಮತ್ತು ಮಳೆ

ಇಷ್ಟಾದರೂ ಕೋಚ್ ಬದಲಾಯಿಸಿದರೆ ತಂಡ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ ಎಲ್ಲೆಡೆ ಬಲವಾಗಿದೆ. ಅದಕ್ಕೆ ಕಾರಣವೂ ಇದೆ. ಎಷ್ಟೋ ಸಲ ಹಾಗೆ ಆಗುವುದನ್ನು ಜನ ಕಣ್ಣಾರೆ ನೋಡಿದ್ದಾರೆ. ಹೊಸ ಕೋಚ್ ಬರುತ್ತಾನೆ, ಎರಡು ಮೂರು ಪಂದ್ಯ ಗೆಲ್ಲುತ್ತಾರೆ, ಪತ್ರಿಕೆಗಳು ಹೊಗಳುತ್ತವೆ.

ಬಯಲುಸೀಮೆಯಲ್ಲಿ ಮಳೆ ಬಾರದಿದ್ದರೆ ಕತ್ತೆಗಳಿಗೆ ಮದುವೆ ಮಾಡಿಸುವ ವಾಡಿಕೆ ಇದೆ. ಮದುವೆಯ ನಂತರ ಅನೇಕ ಸಲ ಮಳೆ ಬಂದೇ ಬರುತ್ತದೆ. ಏಕೆಂದರೆ ಮದುವೆ ಮಾಡಿಸುವುದು ಬರ ಮಿತಿಮೀರಿದಾಗ. ಅಷ್ಟರಲ್ಲಿ ಮಳೆಯ ಸರದಿಯೂ ಹತ್ತಿರವಾಗಿರುತ್ತದೆ. ಮದುವೆ ಮಾಡಿಸದ ಊರಿನಲ್ಲೂ ಮಳೆ ಬಂದಿತೇ ಎಂದು ಯಾರೂ ಹೋಗಿ ನೋಡುವುದಿಲ್ಲ.

ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಮಾಡಿದ್ದು ಈ ‘ಹೋಗಿ ನೋಡುವ’ ಕೆಲಸವನ್ನೇ. 1986ರಿಂದ 2004ರವರೆಗಿನ ಡಚ್ ಲೀಗಿನ ಪಂದ್ಯಗಳನ್ನು ಅವರು ಅಧ್ಯಯನ ಮಾಡಿದರು. ಸೋಲಿನ ಸರಣಿಯ ನಂತರ ಕೋಚ್ ಬದಲಿಸಿದ ಕ್ಲಬ್ಬುಗಳ ಪಕ್ಕದಲ್ಲಿ, ಅಂಥದ್ದೇ ಸರಣಿಯ ನಂತರವೂ ಕೋಚನ್ನು ಉಳಿಸಿಕೊಂಡ ಕ್ಲಬ್ಬುಗಳನ್ನು ಇಟ್ಟು ನೋಡಿದರು. ಬದಲಿಸಿದವರು ಚೇತರಿಸಿಕೊಂಡದ್ದು ನಿಜ. ಆದರೆ ಬದಲಿಸದವರೂ ಚೇತರಿಸಿಕೊಂಡಿದ್ದರು. ಬದಲಾವಣೆಯಿಂದ ವಿಶೇಷ ಲಾಭವೇನೂ ಕಾಣಲಿಲ್ಲ ಎಂಬುದು 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ.

ಇದರಲ್ಲಿ ಮಂತ್ರವೇನೂ ಇಲ್ಲ. ಫುಟ್‌ಬಾಲ್ ಕಡಿಮೆ ಗೋಲುಗಳ ಆಟ. ಕಂಬಕ್ಕೆ ತಗುಲಿದ ಒಂದು ಚೆಂಡು, ರೆಫ್ರಿಯ ಒಂದು ಸೀಟಿ, ಒಬ್ಬ ಆಟಗಾರನ ಮಂಡಿನೋವು ಪಂದ್ಯದ ಫಲಿತಾಂಶ ಬದಲಿಸಬಹುದು. ತಂಡದ ಶಕ್ತಿ ಇದ್ದಷ್ಟೇ ಇದ್ದರೂ ನಾಲ್ಕು ಪಂದ್ಯ ಸತತವಾಗಿ ಸೋಲುವುದು ಅಪರೂಪವಲ್ಲ. ಅದೃಷ್ಟ ತೀರಾ ಕೆಳಗಿಳಿದಾಗ ಕೋಚನ್ನು ಕಳಿಸುತ್ತಾರೆ, ಅದು ಮೇಲೇರುವ ಹೊತ್ತಿಗೆ ಹೊಸಬ ಬಂದಿರುತ್ತಾನೆ. ಹಾರ ಹೊಸಬನ ಕೊರಳಿಗೆ ಬೀಳುತ್ತದೆ.

ಹೊರಗಿನ ಎರಡು ನಿದರ್ಶನ

ತಾಳ್ಮೆಯ ಮಾತು ಬಂದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್ ಹೆಸರು ಬಾರದೆ ಇರುವುದಿಲ್ಲ. 1986ರ ನವೆಂಬರ್‌ನಲ್ಲಿ ಸೇರಿದ ಅವರು ಮೂರು ವರ್ಷ ಕಳೆದರೂ ಒಂದು ಕಪ್ ಗೆದ್ದಿರಲಿಲ್ಲ. 1989ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ ಎದುರು 1–5ರಿಂದ ಸೋತರು. 1990ರ ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದ ಆ ತಂಡ ಅದೇ ಋತುವಿನ ಲೀಗ್‌ನಲ್ಲಿ 13ನೆಯ ಸ್ಥಾನದಲ್ಲಿತ್ತು. ಮುಂದೆ 2013ರಲ್ಲಿ ನಿವೃತ್ತರಾಗುವಷ್ಟರಲ್ಲಿ ಅವರು 13 ಲೀಗ್ ಪ್ರಶಸ್ತಿಗಳನ್ನು ತಂದಿದ್ದರು.

ಈ ಕಥೆಯನ್ನು ಬಹಳ ಜನ ಅರ್ಧವೇ ಹೇಳುತ್ತಾರೆ. ಸುಮ್ಮನೆ ಕಾದರೆ ಎಲ್ಲ ಸರಿಹೋಗುತ್ತದೆ ಎಂಬುದು ಇದರ ನೀತಿಯಲ್ಲ. ಸೋಲುತ್ತಿದ್ದ ಆ ವರ್ಷಗಳಲ್ಲೇ ಫರ್ಗುಸನ್ ಕ್ಲಬ್ಬಿನ ಎಳೆಯರ ವಿಭಾಗವನ್ನು ಹೊಸದಾಗಿ ಕಟ್ಟುತ್ತಿದ್ದರು. ರಯಾನ್ ಗಿಗ್ಸ್ 1987ರಲ್ಲಿ, ಇನ್ನೂ ಹದಿನಾಲ್ಕರ ಹುಡುಗನಾಗಿ, ಅಲ್ಲಿಗೆ ಸೇರಿದ್ದು ಆ ಕೆಲಸದ ಫಲವಾಗಿ. ಅಂಕಪಟ್ಟಿಯಲ್ಲಿ ಕಾಣದ ಬೆಳವಣಿಗೆ ಕ್ಲಬ್ಬಿನೊಳಗಿನವರಿಗೆ ಕಾಣುತ್ತಿತ್ತು.

ಇನ್ನೊಂದು ನಿದರ್ಶನ ಜರ್ಮನಿಯ ಫ್ರೈಬುರ್ಗ್. ಬ್ಲ್ಯಾಕ್ ಫಾರೆಸ್ಟ್ ಕಾಡಿನ ಅಂಚಿನ ಆ ಊರಿನ ಕ್ಲಬ್ ಶ್ರೀಮಂತವಲ್ಲ. 2015ರಲ್ಲಿ ತಂಡ ಮೊದಲ ದರ್ಜೆಯಿಂದ ಎರಡನೆಯ ದರ್ಜೆಗೆ ಬಿತ್ತು. ಬೇರೆ ಎಲ್ಲೇ ಆದರೂ ಕೋಚ್ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಫ್ರೈಬುರ್ಗ್ ಮಾತ್ರ ಕ್ರಿಶ್ಚಿಯನ್ ಸ್ಟ್ರೈಶ್ ಅವರನ್ನು ಉಳಿಸಿಕೊಂಡಿತು. ಮರುವರ್ಷವೇ ತಂಡ ಮೇಲಕ್ಕೆ ಬಂತು, 2022ರಲ್ಲಿ ಜರ್ಮನ್ ಕಪ್ ಫೈನಲ್ ಆಡಿತು. ಸ್ಟ್ರೈಶ್ ತಾವಾಗಿಯೇ ಹುದ್ದೆ ಬಿಟ್ಟದ್ದು 2024ರಲ್ಲಿ. ಹಣವಿಲ್ಲದ ಕ್ಲಬ್ಬಿಗೆ ತಾಳ್ಮೆಯೇ ಬಂಡವಾಳ ಎಂದು ಆ ಊರಿನವರು ತಿಳಿದಂತಿದೆ. ಪದೇ ಪದೇ ಕೋಚ್ ಬದಲಿಸುವುದೆಂದರೆ ಹೋದವನಿಗೂ ಪರಿಹಾರ, ಬಂದವನಿಗೂ ಸಂಬಳ. ಜೊತೆಗೆ ಹೊಸಬನಿಗೆ ಒಪ್ಪುವ ಹೊಸ ಆಟಗಾರರು ಬೇರೆ ಬೇಕು.

ಬೆಲೆ ತೆರುವವರು ಯಾರು?

ಈ ಜಗಳದಲ್ಲಿ ಹೆಚ್ಚು ಮರೆತುಹೋಗುವವರು ಎಳೆಯ ಆಟಗಾರರು. ಹೆಸರು ಮಾಡಿದ ಆಟಗಾರನಿಗೆ ಯಾವ ಕೋಚ್ ಬಂದರೂ ಜಾಗ ಸಿಗುತ್ತದೆ. ಇಪ್ಪತ್ತರ ಹುಡುಗನಿಗೆ ಹಾಗಲ್ಲ. ಅವನನ್ನು ಅಭ್ಯಾಸದಲ್ಲಿ ತಿಂಗಳುಗಟ್ಟಲೆ ನೋಡಿ, ನಂಬಿ, ಎರಡು ತಪ್ಪು ಮಾಡಿದರೂ ಮೂರನೆಯ ಸಲ ಕಣಕ್ಕಿಳಿಸುವ ಕೋಚ್ ಬೇಕು. ನಾಳೆ ತನ್ನ ಕೆಲಸವೇ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವ ಕೋಚ್ ಆ ಧೈರ್ಯ ಮಾಡುವುದು ಕಷ್ಟ. ಅವನು ಹಳಬರನ್ನೇ ನೆಚ್ಚುತ್ತಾನೆ.

ಬೆಂಗಳೂರಿನ ದಾಖಲೆ ಇಲ್ಲಿ ಕುತೂಹಲಕರವಾಗಿದೆ. ಸೋಲಿನ ನಡುವೆಯೂ ಪೆಜ್ಜಾಯೊಲಿ ಅವರನ್ನು ಉಳಿಸಿಕೊಂಡ 2021–22ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಬೆಂಗಳೂರಿನ ರೋಶನ್ ಸಿಂಗ್ ಅವರಿಗೆ ಬಂತು. ಗ್ರೇಸನ್ ಅವರನ್ನು ಉಳಿಸಿಕೊಂಡ 2022–23ರಲ್ಲಿ ಅದೇ ಪ್ರಶಸ್ತಿ ಬೆಂಗಳೂರಿನದೇ ಶಿವಶಕ್ತಿ ನಾರಾಯಣನ್ ಅವರದಾಯಿತು. ಹತ್ತನೆಯ ಸ್ಥಾನದ ನಂತರವೂ ಜರಗೋಜಾ ಅವರನ್ನು ಉಳಿಸಿಕೊಂಡಾಗ, 2024ರ ಸೆಪ್ಟೆಂಬರ್‌ನಲ್ಲಿ ಋತುವಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದದ್ದು ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹತ್ತೊಂಬತ್ತರ ವಿನಿತ್ ವೆಂಕಟೇಶ್. ಮೂರು ಉದಾಹರಣೆಗಳಿಂದ ಸಿದ್ಧಾಂತ ಕಟ್ಟಲಾಗದು. ಆದರೆ ತಾಳ್ಮೆಯ ಫಲ ಅಂಕಪಟ್ಟಿಯ ಹೊರಗೂ ಇರುತ್ತದೆ ಎಂಬುದನ್ನು ಅವು ತೋರಿಸುತ್ತವೆ.

ಕಾಯುವುದಕ್ಕೂ ಒಂದು ಮಿತಿ

ಹಾಗೆಂದು ಕೋಚನ್ನು ಎಂದೂ ಕಳಿಸಬಾರದು ಎಂದಲ್ಲ. ದೂರದೂರಿನಿಂದ ಬಸ್ಸು ಹತ್ತಿ ಕಂಠೀರವಕ್ಕೆ ಹೋಗಿ, ನಾಲ್ಕು ಗೋಲಿನ ಸೋಲು ನೋಡಿ ನಡುರಾತ್ರಿ ಮನೆ ಸೇರುವ ಅಭಿಮಾನಿಯ ಸಿಟ್ಟಿಗೂ ಬೆಲೆಯಿದೆ. ತಾಳ್ಮೆ ಎಂಬ ಹೆಸರಿನಲ್ಲಿ ಆಡಳಿತ ಮಂಡಳಿಗಳು ಸೋಮಾರಿತನವನ್ನೂ ಮುಚ್ಚಿಟ್ಟುಕೊಳ್ಳಬಹುದು.

ಕೆಲವು ಲಕ್ಷಣಗಳು ಕಂಡರೆ ಕಾಯುವುದರಲ್ಲಿ ಅರ್ಥವಿಲ್ಲ. ಆಟಗಾರರು ಕೋಚ್ ಮಾತು ಕೇಳುವುದನ್ನೇ ಬಿಟ್ಟಿರುವುದು ಒಂದು. ಒಂದೇ ಬಗೆಯ ತಪ್ಪಿನಿಂದ ಪಂದ್ಯದ ಮೇಲೆ ಪಂದ್ಯ ಗೋಲು ಬಿಡುತ್ತಿದ್ದರೂ ಅಭ್ಯಾಸದಲ್ಲಿ ಅದಕ್ಕೆ ಮದ್ದು ಕಾಣದಿರುವುದು ಎರಡನೆಯದು. ಸೋಲಿನ ಅಂತರ ಕಡಿಮೆಯಾಗದೆ ಹೆಚ್ಚುತ್ತಾ ಹೋಗುವುದು ಮೂರನೆಯದು. ಎಳೆಯರು ಬೆಳೆಯುವ ಬದಲು ಮುರುಟುತ್ತಿರುವುದು ನಾಲ್ಕನೆಯದು. ಇವು ರೋಗದ ಗುರುತುಗಳು. ಇವು ಯಾವುವೂ ಇಲ್ಲದೆ ಬರೀ ಅಂಕ ಕಡಿಮೆಯಿದ್ದರೆ ಅದನ್ನು ಜ್ವರವೆಂದು ತಿಳಿದು ಕಾಯುವುದೇ ಲೇಸು.

ಬೆಂಗಳೂರು ಎಫ್‌ಸಿಗೆ ಕಾಯುವ ಅನುಕೂಲವೂ ಇತ್ತು. ಈ ಎಲ್ಲ ವರ್ಷಗಳಲ್ಲಿ ಐಎಸ್‌ಎಲ್‌ನಿಂದ ಯಾವ ತಂಡವನ್ನೂ ಕೆಳಗಿನ ದರ್ಜೆಗೆ ಇಳಿಸುತ್ತಿರಲಿಲ್ಲ. ಹತ್ತನೆಯ ಸ್ಥಾನಕ್ಕೆ ಬಿದ್ದರೂ ಮುಂದಿನ ವರ್ಷ ಅದೇ ಲೀಗ್‌ನಲ್ಲಿ ಆಡಬಹುದಿತ್ತು. ಕೆಳಗಿಳಿದರೆ ಕ್ಲಬ್ಬೇ ಮುಳುಗುವ ದೇಶಗಳಲ್ಲಿ ಗಾಬರಿಗೆ ಕಾರಣವಿದೆ. ಇಲ್ಲಿ ಅಷ್ಟು ಕಾರಣವಿರಲಿಲ್ಲ. 2021ರ ಜನವರಿಯಲ್ಲಿ ಕ್ವಾಡ್ರಾಟ್ ಅವರನ್ನು ಋತುವಿನ ನಡುವೆ ಕಳಿಸಿದ್ದು ಆ ಗಾಬರಿಯಿಂದಲೇ ಎಂದು ಅಂಕಗಳ ಲೆಕ್ಕ ಹೇಳುತ್ತದೆ. 2023ರ ಡಿಸೆಂಬರ್‌ನ ತೀರ್ಮಾನವನ್ನು ಅಷ್ಟು ಸುಲಭವಾಗಿ ತಪ್ಪೆನ್ನಲಾಗದು. ಆಗ ಒಂಬತ್ತು ಪಂದ್ಯಗಳಿಂದ ಬಂದಿದ್ದುದು ಏಳೇ ಅಂಕ. ಕೋಚ್ ಬದಲಾದ ನಂತರದ 13 ಪಂದ್ಯಗಳಿಂದ 15 ಅಂಕ ಬಂದವು. ಸುಧಾರಣೆ ಸಣ್ಣದಾದರೂ ಸುಧಾರಣೆಯೇ.

ಕಳಿಸುವ ತೀರ್ಮಾನಕ್ಕೆ ಸರಿಯಾದ ಕಾಲ ಋತುವಿನ ಕೊನೆ. ಆಗ ಇಡೀ ವರ್ಷದ ಲೆಕ್ಕ ಕಣ್ಣೆದುರು ಇರುತ್ತದೆ. ಹೊಸಬನಿಗೆ ಆಟಗಾರರನ್ನು ಆರಿಸಲು, ಅಭ್ಯಾಸ ಮಾಡಿಸಲು ತಿಂಗಳುಗಳು ಸಿಗುತ್ತವೆ. ನಡುವೆ ಕಳಿಸುವುದಾದರೆ ಅದಕ್ಕೆ ಅಂಕಪಟ್ಟಿಗಿಂತ ಗಟ್ಟಿಯಾದ ಕಾರಣವನ್ನು ಕ್ಲಬ್ ತೋರಿಸಬೇಕು. ಮತ್ತು ಅದನ್ನು ತೋರಿಸಬೇಕಾದರೆ ಪ್ರತಿದಿನ ಅಭ್ಯಾಸದ ಮೈದಾನಕ್ಕೆ ಹೋಗಿ ನೋಡುವವರು ಆಡಳಿತದಲ್ಲಿ ಇರಬೇಕು. ವಾರಕ್ಕೊಮ್ಮೆ ಗಣ್ಯರ ಗ್ಯಾಲರಿಯಲ್ಲಿ ಕೂತು ಗೋಲುಗಳನ್ನು ಎಣಿಸುವವರಿಗೆ ಎರಡು 0–4 ಸೋಲುಗಳ ನಡುವಣ ವ್ಯತ್ಯಾಸ ಎಂದಿಗೂ ತಿಳಿಯುವುದಿಲ್ಲ.